ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತವಳು

ಮೊನ್ನೆ ಸಾಂಟಾ ಕ್ಲಾರಾದ ನಮ್ಮವರ ಅಂಗಡಿಯಲ್ಲಿ ಯಾರೋ ಸೋಂಪಿನ ಡಬ್ಬ ತೆರೆದರು. ಆ ವಾಸನೆಗೆ ಹಿಂದೆ ಪಕ್ಕದ ಮನೆಯಲ್ಲಿದ್ದ ಇಟಲಿ ಮುದುಕಿ ನೆನಪಾದಳು. ಅವಳು ಸೋಂಪು ಹಾಕಿ ಬಿಸ್ಕತ್ತು ಮಾಡುತ್ತಿದ್ದಳು. ಕಲ್ಲಿನಂಥವು...

ಎಂಬತ್ತರ ದಶಕದ ಮಾತು. ಮೈಸೂರಿನವರೊಬ್ಬರು ಅಡುಗೆಗೆ, ಮಕ್ಕಳನ್ನು ನೋಡಿಕೊಳ್ಳುವುದಕ್ಕೆ ಅಂತ ನನ್ನನ್ನು ಇದೇ ಊರಿಗೆ ಕರೆತಂದಿದ್ದರು. ಬಂದವರೆದುರು ಮನೆಯಾಕೆ ನನ್ನನ್ನು "ನಮ್ಮ ದೊಡ್ಡಮ್ಮ" ಅನ್ನುತ್ತಿದ್ದಳು. ಬಂದವರು ಎದ್ದು ಹೋದ ಮೇಲೆ ದೊಡ್ಡಮ್ಮ ಪಾತ್ರೆ ತೊಳೆಯುತ್ತಿದ್ದಳು. ಮನೆಯಾಕೆ ಮುದುಕಿಗೂ ಹಾಗೇ ಹೇಳಿದಳು. ಮುದುಕಿ ನನ್ನ ಅಂಗೈ ತಿರುಗಿಸಿ ನೋಡಿ ನಕ್ಕುಬಿಟ್ಟಳು. ಅವಳೂ ಆಯಸ್ಸೆಲ್ಲ ಕಂಡವರ ಮನೆ ನೆಲ ಒರೆಸಿದವಳೇ.

ಮಕ್ಕಳು ಸ್ಕೂಲಿಗೆ ಹೋದಾಗ ನನ್ನನ್ನು ಕರೆದು ಒಂದು ಸಿನಿಮಾ ಕ್ಯಾಸೆಟ್ಟು ಹಾಕುತ್ತಿದ್ದಳು. ಯಾವಾಗಲೂ ಅದೇ. ಅವಳ ದೇಶದ ಹಳೇ ನಗೆಚಿತ್ರ, ಮನೆಗೆಲಸದವರ ಕತೆ. ಒಂದಕ್ಷರ ಅರ್ಥವಾಗದಿದ್ದರೂ ನಗುತ್ತಿದ್ದೆ. ಕೆಲಸದವಳು ಯಜಮಾನಿಯ ಗೌನು ತೊಟ್ಟು ಮೆರೆದರೆ ನಗುವುದಕ್ಕೆ ಭಾಷೆ ಯಾಕೆ? ಕೊನೆಗೆ ಅವಳು ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾಳೆ. ಅಷ್ಟಕ್ಕೆ ಮುದುಕಿ ಗುಂಡಿ ಒತ್ತಿ ನಿಲ್ಲಿಸಿಬಿಡುತ್ತಿದ್ದಳು.

ಮುಂದೇನು ಅಂತ ಕೈಸನ್ನೆ ಮಾಡಿದರೆ, ನೀನೇ ಹೇಳು ಅಂತ ಬೆರಳು ತೋರಿಸುವಳು.

"ಎಲ್ಲಿಗೆ ಹೋಗ್ತಾಳೆ? ಪುನಃ ಅಡುಗೆಮನೆಗೇ," ಅಂತ ನಾನು ಸೌಟು ತಿರುಗಿಸಿದಂತೆ ಮಾಡಿದೆ.

"ನೋ! ನೋ!" ಅಂತ ಜಗಳಕ್ಕೇ ಬಂದಳು.

ಆ ಹೊತ್ತಿಗೆ ಲಿವರ್‌ಮೋರಿನ ಇನ್ನೊಂದು ಮನೆಯವರು ನನ್ನನ್ನು ಕೆಲಸಕ್ಕೆ ಕರೆದಿದ್ದರು. ನಿಮಗೇ ಅಂತ ಒಂದು ರೂಮು ಕೊಡುತ್ತೇವೆ ಅಂದಿದ್ದರು. ಇಲ್ಲಿ ನಾನು ಮಲಗುತ್ತಿದ್ದುದು ಮಕ್ಕಳ ಮಂಚದ ಪಕ್ಕ, ನೆಲದ ಮೇಲೆ. ಹೋಗಲೋ ಬೇಡವೋ...

"ಏನ್ ಕಮ್ಮಿ ಮಾಡಿದೀವಿ ದೊಡ್ಡಮ್ಮ? ಅಲ್ಲಿ ಕಾರಿಲ್ದೆ ಎಲ್ಲೂ ಹೋಗಕ್ಕಾಗಲ್ಲ," ಅಂದಳು ಮನೆಯಾಕೆ.

"ಇಲ್ಲಿ ಯಾವ ಕಾರಲ್ಲಿ ಸುತ್ತಿದೀನಮ್ಮ ನಾನು?" ಅಂದೆ. ಅಂದೆನೇ ಹೊರತು ಪೆಟ್ಟಿಗೆ ತುಂಬುವ ಧೈರ್ಯ ಬರಲಿಲ್ಲ.

ಮುದುಕಿಗೆ ಹೇಗೋ ತಿಳಿಸಿದೆ. ಅವಳು ಎದ್ದು ಹೋಗಿ ಬಾಗಿಲು ತೆರೆದು ಹಿಡಿದು "ಗೋ!" ಅಂದಳು. ನಾನು ಹೊರಟ ದಿನ ಬಿಸ್ಕತ್ತಿನ ಜೊತೆ ಆ ಕ್ಯಾಸೆಟ್ಟನ್ನೂ ಚೀಲಕ್ಕೆ ತುರುಕಿದಳು.

ಹೊಸ ಮನೆಯವರು ಹೇಳಿದಂತೆ ರೂಮು ಕೊಟ್ಟರು. ಆ ಮನೆಯ ಮಗುವಿನ ಕೈಲಿ ಕ್ಯಾಸೆಟ್ಟು ಹಾಕಿಸಿ ಕೊನೆ ನೋಡಿದೆ. ಸಿನಿಮಾದ ಹುಡುಗಿ ಬಾಗಿಲು ದಾಟಿ ಬೀದಿಗಿಳಿಯುತ್ತಾಳೆ. ನೋಡಿದರೆ, ಬೀದಿಯ ಪ್ರತಿ ಮನೆಯಿಂದಲೂ ಒಬ್ಬೊಬ್ಬ ಕೆಲಸದವಳು ಪೆಟ್ಟಿಗೆ ಹಿಡಿದು ಹೊರಗೆ ಬಂದಿದ್ದಾಳೆ! ಒಬ್ಬರಿಗೊಬ್ಬರು ಕೈ ಬೀಸಿ, ಇವಳು ಅವಳಿದ್ದ ಮನೆಗೆ, ಅವಳು ಇವಳಿದ್ದ ಮನೆಗೆ ಹೊಕ್ಕು ಬಾಗಿಲು ಹಾಕಿಕೊಂಡರು. ಮುಗಿಯಿತು.

ಹೊಟ್ಟೆ ಹಿಡಿದುಕೊಂಡು ನಕ್ಕೆ. "ವಾಟ್ಸ್ ಸೋ ಫನ್ನಿ, ಅಜ್ಜಿ?" ಅಂತು ಮಗು. ಅಷ್ಟರಲ್ಲಿ ನೆಂಟರು ಬಂದರು. "ಇವ್ರು ನಮ್ಮ ಸೋದರತ್ತೆ," ಅಂತ ನನ್ನ ಪರಿಚಯವಾಯಿತು.

ಆ ಕೊನೆ ಮುದುಕಿಗೆ ಗೊತ್ತೇ ಇತ್ತು. ಗೊತ್ತಿದ್ದೂ ಹೋಗು ಅಂದಳಲ್ಲ, ಯಾಕೆ? ಕೇಳೋಣ ಅಂತ ಯುಗಾದಿಗೆ ಹೋದರೆ ಮುದುಕಿಯ ಮನೆಯಲ್ಲಿ ಬೇರೆ ಯಾರೋ ಇದ್ದರು. ಸತ್ತಳೋ, ಯಾರಾದರೂ ಕರೆದುಕೊಂಡು ಹೋದರೋ, ಅವರಿಗೂ ಗೊತ್ತಿರಲಿಲ್ಲ...

"ಸೋಂಪು ಬೇಕಾ ಅಜ್ಜಿ?" ಅಂದ ಅಂಗಡಿಯವನು. ಬೇಡ ಅಂದೆ. ಆ ಬಿಸ್ಕತ್ತು ಮಾಡುವುದು ನನಗೆ ಬಾರದು. ಅವಳಿಗೆ ಒಂದು ಮಾತು ಹೇಳುವುದು ಮಾತ್ರ ಉಳಿದೇಹೋಯಿತು. ನಿನ್ನ ಸಿನಿಮಾದಲ್ಲಿ ಆದಂತೆಯೇ ಆಯಿತು ಕಣೇ. ಆದರೆ ನನ್ನ ರೂಮಿಗೆ ಒಳಗಿನಿಂದ ಚಿಲಕವಿತ್ತು.