ಕುಮಾರಿ ಹತ್ತದ ಅಟ್ಟ

ನಮ್ಮ ಉಮ್ಮತ್ತೂರಿನ ಮುದ್ದಯ್ಯನ ಮಗಳು ಕುಮಾರಿಗೆ ಚಾಮರಾಜನಗರದ ಒಂದು ಟೈಲ್ಸ್ ಅಂಗಡಿಯಲ್ಲಿ ಕೆಲಸ. ಕಸ ಗುಡಿಸಲು ಸೇರಿದವಳು ನೋಡಿ ನೋಡಿಯೇ ಕಂಪ್ಯೂಟರಿನಲ್ಲಿ ಮನೆಯ ನಕ್ಷೆ ಬಿಡಿಸುವುದನ್ನು ಕಲಿತಳು. ಹಳೆಯ ಮನೆಯ ಯಾವ ಗೋಡೆಗೆ ಕಿಟಕಿ ಇಟ್ಟರೆ ಬೆಳಕು ಬರುತ್ತದೆ, ದನ ಕಟ್ಟುತ್ತಿದ್ದ ಕಡೆ ಬಚ್ಚಲು ಹೇಗೆ ಮಾಡಬೇಕು, ಕತ್ತಲ ಕೋಣೆಗೆ ಯಾವ ಬಣ್ಣ ಒಪ್ಪುತ್ತದೆ ಎಂದು ಅವಳು ಹೇಳಿದರೆ ಜನ ಕೇಳುತ್ತಾರೆ. ಅಂಗಡಿಯ ಮಾಲೀಕ ಈಗ ಅವಳನ್ನೇ ಮನೆಮನೆಗೆ ಕಳಿಸುತ್ತಾನೆ.

ದೀಪಾವಳಿ ಮುಗಿದ ಮೇಲೆ ಗುಂಡ್ಲುಪೇಟೆಯ ಆಚೆಯ ಊರಿನ ಮರಿಮಲ್ಲಪ್ಪನವರು ಹೇಳಿಕಳಿಸಿದರು. ಹೊಲಗದ್ದೆ ಇರುವ ಮನೆತನ. ಮಣ್ಣಿನ ಗೋಡೆ, ನಾಡಹೆಂಚಿನ ಮನೆ. ಸೊಸೆ ಪವಿತ್ರಳ ಕೈಯಲ್ಲಿ ಎಳೆಕೂಸು. ನಡುಮನೆಯಲ್ಲಿ ಹಗಲಲ್ಲೂ ಲೈಟು ಹಾಕಿಕೊಂಡೇ ಕೂಸಿನ ಮುಖ ನೋಡಬೇಕು ಎಂದು ಅವಳ ದೂರು.

ಕುಮಾರಿ ನಡುಮನೆಗೂ ಪಕ್ಕದ ಕೋಣೆಗೂ ನಡುವಿನ ಗೋಡೆಯನ್ನು ತಟ್ಟಿ ನೋಡಿದಳು. ಸ್ಟೂಲು ಹತ್ತಿ, ಗೋಡೆಗೂ ಅದರ ಮೇಲಿನ ತೊಲೆಗೂ ಮಧ್ಯೆ ಬೆರಳು ತೂರಿಸಿದಳು. ಬೆರಳು ಸಲೀಸಾಗಿ ಹೋಯಿತು.

"ಈ ಗೋಡೆ ಏನೂ ಹೊತ್ತಿಲ್ಲ ಸಾರ್. ಬರೀ ಮರೆಗೆ ಕಟ್ಟಿರೋದು. ತೆಗೆದ್ರೆ ಎರಡೂ ಕಡೆಯಿಂದ ಬೆಳಕು ಬರ್ತದೆ."

ತೊಲೆಯ ಮೇಲೆ ಹಲಗೆ ಹಾಸಿದ ಅಟ್ಟ. ಅದಕ್ಕೆ ಏಣಿ ಇದ್ದದ್ದು ಅಡುಗೆಮನೆಯ ಒಳಗೆ. ಕುಮಾರಿ ಅಡುಗೆಮನೆಯ ಹೊಸ್ತಿಲ ತನಕ ಹೋದಳು. ಅವಳ ಅಪ್ಪ ಈ ಸೀಮೆಯಲ್ಲೆಲ್ಲ ಕೂಲಿಗೆ ಹೋದವನು. ಇಂಥ ಮನೆಗಳ ಜಗಲಿಯ ಕೆಳಗೇ ನಿಂತು "ಬುದ್ಧೀ" ಎಂದು ಕೂಗುತ್ತಿದ್ದವನು. ಇವಳನ್ನು ಯಾರೂ ತಡೆಯಲಿಲ್ಲ. ಆದರೂ ಕಾಲು ತಾನಾಗಿ ನಿಂತಿತು.

"ಅಟ್ಟದಲ್ಲಿ ಏನಿದೆ ಅಮ್ಮ?" ಎಂದು ನಿಂತಲ್ಲಿಂದಲೇ ಕೇಳಿದಳು.

"ಏನಿದ್ದದು ಕಣಮ್ಮಿ, ಇಲಿ ಓಡಾಡ್ತವೆ ಅಷ್ಟೆಯ" ಎಂದರು ಮರಿಮಲ್ಲಪ್ಪನವರ ಹೆಂಡತಿ ಗುರುಮಲ್ಲಮ್ಮ.

ಅವತ್ತಿಗೆ ಅದು ನಿಜವೇ ಆಗಿತ್ತು. ಕುಮಾರಿ ಹಿಂದಕ್ಕೆ ತಿರುಗಿದಳು. ಗೋಡೆ ಬಿತ್ತು, ಟೈಲ್ಸ್ ಬಂತು, ಮನೆ ಬೆಳಗಿತು. ಪವಿತ್ರ ಫೋನಿನಲ್ಲಿ ಫೋಟೋ ಕಳಿಸಿದಳು.

ಮಾಘ ಕಳೆಯಿತು. ಒಂದು ದಿನ ಮಧ್ಯಾಹ್ನ ಲಿಂಗಯ್ಯ ಎಂಬ ರೈತ ಅಂಗಡಿಗೆ ಬಂದ. ಅವನ ಪಂಚೆಯ ಅಂಚೆಲ್ಲ ಹಳದಿ. ಅರಿಶಿನ ಬೇಯಿಸಿ ಒಣಗಿಸಿದ್ದಾಯಿತು, ಮಾರಲಿಲ್ಲ ಎಂದ.

"ಮತ್ತೆ ಎಲ್ಲಿ ಹಾಕಿದ್ದೀಯ ಲಿಂಗಯ್ಯಣ್ಣ?"

"ಅಟ್ಟದ ಮ್ಯಾಲೆ. ರೇಟು ಬರಗಂಟ ಇನ್ನೆಲ್ಲಿ ಹಾಕನವ್ವ, ನಿನ್ನ ಅಂಗಡೀಲಾ?"

ಅಂಗಡಿಯವರೆಲ್ಲ ನಕ್ಕರು. ಕುಮಾರಿ ಮಾತ್ರ ನಗಲಿಲ್ಲ. ಮರಿಮಲ್ಲಪ್ಪನವರ ಅಂಗಳದ ಆಚೆ ಅವತ್ತು ಎದೆಯೆತ್ತರ ನಿಂತಿದ್ದ ಅರಿಶಿನದ ಬೆಳೆ ಕಣ್ಣಿಗೆ ಬಂತು. ಗೋಡೆಗೂ ತೊಲೆಗೂ ಮಧ್ಯೆ ತನ್ನ ಬೆರಳು ತೂರಿದ ಆ ಸಂದಿ ಯಾಕಿತ್ತು ಎಂಬುದು ಆಗ ತಿಳಿಯಿತು. ವರ್ಷಕ್ಕೊಮ್ಮೆ ಮೂಟೆ ಏರಿದಾಗ ತೊಲೆ ಬಾಗಿ ಆ ಗೋಡೆಯ ಮೇಲೆ ಕೂರುತ್ತಿತ್ತು. ಮೂಟೆ ಇಳಿದರೆ ಮತ್ತೆ ಮೇಲೇಳುತ್ತಿತ್ತು. ಈಗ ಕೂರಲು ಗೋಡೆ ಇಲ್ಲ.

ಪವಿತ್ರಳಿಗೆ ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಚಪ್ಪಲಿ ಸರಿಯಾಗಿ ಮೆಟ್ಟಿಕೊಳ್ಳದೆ ಗುಂಡ್ಲುಪೇಟೆ ಬಸ್ಸು ಹಿಡಿದಳು. ದಾರಿಯುದ್ದಕ್ಕೂ ಕಣಗಳಲ್ಲಿ ಕೊಪ್ಪರಿಗೆ ಹೂಡಿದ್ದರು. ಬೇಯುವ ಅರಿಶಿನದ ಘಾಟು ಕಿಟಕಿಯಿಂದ ನುಗ್ಗುತ್ತಿತ್ತು. ಫೋನು ಎತ್ತದಿದ್ದದ್ದು ಕೆಲಸದ ಗಡಿಬಿಡಿಗೋ, ಎತ್ತಲು ಯಾರೂ ಇಲ್ಲದ್ದಕ್ಕೋ? ಬಸ್ಸು ನಿಂತು ನಿಂತು ಹೋಗುತ್ತಿತ್ತು.

ಮನೆ ನಿಂತಿತ್ತು. ಮರಿಮಲ್ಲಪ್ಪನವರು ಜಗಲಿಯ ಮೇಲೆ ಎಲೆಗೆ ಸುಣ್ಣ ಸವರುತ್ತಿದ್ದರು.

"ಓಹೋ, ಇಂಜಿನಿಯರಮ್ಮ. ಬಾ ಬಾ, ಕಾಪಿ ಕುಡಿವೆಯಂತೆ."

"ಅಟ್ಟಕ್ಕೆ ಮೂಟೆ ಏರಿಸಿದ್ದೀರಾ ಸಾರ್?"

"ಏರಿಸ್ದೆ ಇನ್ನೇನು, ತಲೆ ಮ್ಯಾಲೆ ಹೊತ್ಕಂಡು ಕೂತಿರನಾ?"

ಅವಳು ಒಳಗೆ ನುಗ್ಗಿದಳು. ನಡುಮನೆ ತುಂಬ ಬೆಳಕು. ತೊಲೆಯ ನಟ್ಟನಡುವಿಗೆ ಹಗ್ಗ ಬಿಗಿದು ತೊಟ್ಟಿಲು ಕಟ್ಟಿದ್ದರು. ಪವಿತ್ರ ತೂಗುತ್ತಿದ್ದಳು. ತೂಗಿದಾಗಲೆಲ್ಲ ಮೇಲಿನಿಂದ ಕಿರ್ ಎಂಬ ಸದ್ದು. ಹೊಸ ಟೈಲ್ಸಿನ ಮೇಲೆ ಹಳದಿ ಪುಡಿ ತೆಳ್ಳಗೆ ಬಿದ್ದಿತ್ತು.

"ಕೂಸು ಎತ್ತಿ."

"ಈಗ್ತಾನೆ ಮಲಗದೆ ಅಕ್ಕ. ಎದ್ರೆ ನನ್ನ ಬುಡಾಕಿಲ್ಲ."

ಕುಮಾರಿ ತಾನೇ ಕೂಸನ್ನು ಬಾಚಿಕೊಂಡು ಅಂಗಳಕ್ಕೆ ಓಡಿದಳು. ಕೂಸು ಚಿಟ್ಟನೆ ಚೀರಿತು. ಪವಿತ್ರ ಹಿಂದೆಯೇ ಓಡಿ ಬಂದಳು. ಮರಿಮಲ್ಲಪ್ಪನವರು ಎದ್ದು ಒಳಗೆ ಇಣುಕಿ ಬಾಗಿದ ತೊಲೆ ನೋಡಿದರು. ಎಲೆ ಬಾಯಲ್ಲೇ ನಿಂತಿತು.

"ಗೋಡೆ ಏನೂ ಹೊತ್ತಿಲ್ಲ ಅಂದೋಳು ನೀನೆ ಕಣವ್ವ" ಎಂದರು. ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು.

"ನಾನೇ ಸಾರ್. ಅಟ್ಟ ನೋಡ್ದೆ ಹೇಳ್ಬುಟ್ಟೆ. ಈಗ ನೀಲಗಿರಿ ಕಂಬ ತರಿಸಿ, ಜಲ್ದಿ. ಒಡಕು ಕೆಳಗಿಂದ ಕಾಣಲ್ಲ. ಎಲ್ಲಿದೆ ಅಂತ ನೋಡ್ದೆ ಕಂಬ ಕೊಟ್ರೆ ಬೇರೆ ಕಡೆ ಸೀಳ್ತದೆ. ನಾನು ಅಟ್ಟ ಹತ್ತಿ ನೋಡ್ತೀನಿ."

ಅವರು ಕಂಬಕ್ಕೆ ಆಳು ಕರೆಯಲು ಓಡಿದರು. ಕುಮಾರಿ ಗೋಡೆಯಂಚಿಗೇ ಸರಿದು ಅಡುಗೆಮನೆಯ ಹೊಸ್ತಿಲಿಗೆ ಬಂದಳು. ಅಲ್ಲಿ ಕಾಲು ಮತ್ತೆ ನಿಂತಿತು. ಈ ಹೊತ್ತಿನಲ್ಲೂ ನಿಂತಿತಲ್ಲ ಎಂದು ತನ್ನ ಮೇಲೇ ಅವಳಿಗೆ ದಿಗಿಲಾಯಿತು.

ಹಿಂದಿನಿಂದ ಗುರುಮಲ್ಲಮ್ಮನ ದನಿ ಬಂತು.

"ಅವತ್ತೂ ನೀನು ಇಲ್ಲೇ ನಿಂತಿದ್ದೆ ಕಣಮ್ಮಿ. ನಾನು ಕಂಡೆ. ಒಳಕ್ಕೆ ಬಾ ಅಂತ ಒಂದು ಮಾತು ನನ್ನ ಬಾಯಲ್ಲೂ ಬರನಿಲ್ಲ. ನಡಿ ಈಗ."

ಗುರುಮಲ್ಲಮ್ಮ ಏಣಿ ಹಿಡಿದರು. ಕುಮಾರಿ ಹತ್ತಿದಳು. ಮೇಲೆ ಕತ್ತಲು, ಮೂಗು ಕಟ್ಟುವ ಘಾಟು, ಸಾಲು ಸಾಲು ಮೂಟೆ. ಹಲಗೆಯ ಮೇಲೆ ಕಾಲಿಡಲಿಲ್ಲ. ಏಣಿಯ ಮೇಲಿಂದಲೇ ಬಗ್ಗಿ ಹಲಗೆಗಳ ಸಂದಿಯೊಳಗೆ ಫೋನಿನ ಬೆಳಕು ಬಿಟ್ಟಳು. ಏಣಿಯ ಕಡೆಯಿಂದ ಮುಕ್ಕಾಲು ದೂರದಲ್ಲಿ ತೊಲೆ ಉದ್ದಕ್ಕೆ ಸೀಳಿತ್ತು. ನೋಡುತ್ತಿದ್ದಂತೆ ಮತ್ತೆ ಕಿರ್ ಎಂದಿತು. ಸೀಳಿನೊಳಗಿಂದ ಧೂಳು ಎದ್ದಿತು.

"ಅಮ್ಮ, ಏಣಿ ಬಿಟ್ಟು ಆಚೆ ಹೋಗಿ."

"ನೀನು ಇಳಿಯೋಗಂಟ ಓಗಲ್ಲ."

"ಬಿದ್ರೆ ನಿಮ್ಮ ಮೇಲೇ ಬೀಳ್ತದೆ."

"ನಿನ್ನ ಮ್ಯಾಲೆ ಬೀಳಕಿಲ್ವಾ? ಮಾತು ಸಾಕು, ಇಳಿ."

ಒಂದೊಂದೇ ಮೆಟ್ಟಿಲು ಇಳಿದಳು. ಇಳಿದ ಮೇಲೆ ಇಬ್ಬರ ಕೈಯೂ ಏಣಿಯನ್ನು ಬಿಡಲು ಒಪ್ಪಲಿಲ್ಲ.

ಅವಳು ತೋರಿಸಿದ ಜಾಗಕ್ಕೆ ಕಂಬ ಕೊಟ್ಟರು. ಆಮೇಲೆ ಹಿತ್ತಲ ಕಡೆಯ ಹೆಂಚು ಬಿಚ್ಚಿ ಮೂಟೆ ಇಳಿಸಿದರು. ಕೊನೆಯ ಮೂಟೆ ನೆಲ ಮುಟ್ಟುವ ತನಕ ಅಂಗಳದಲ್ಲಿ ಯಾರೂ ಕೂರಲಿಲ್ಲ. ಈಗ ಆ ನಡುಮನೆಯ ಮಧ್ಯೆ ಒಂದು ಕಲ್ಲುಕಂಬವಿದೆ. ಚೆಂದಕ್ಕೆ ನಿಲ್ಲಿಸಿದ್ದು ಎಂದು ಬಂದವರು ತಿಳಿಯುತ್ತಾರೆ.

ಕುಮಾರಿ ಕೆಲಸ ಬಿಟ್ಟಿಲ್ಲ. ಯಾವ ಮನೆಗೆ ಹೋದರೂ ಟೇಪು ತೆಗೆಯುವ ಮೊದಲು ಏಣಿ ಕೇಳುತ್ತಾಳೆ. ಕೆಲವರು ಮುಖ ಗಂಟಿಕ್ಕುತ್ತಾರೆ. ಅಡುಗೆಮನೆಯ ಹೊಸ್ತಿಲಲ್ಲಿ ಅವಳ ಕಾಲು ಈಗಲೂ ಒಂದು ಗಳಿಗೆ ನಿಲ್ಲುತ್ತದೆ. ಅಷ್ಟರಲ್ಲಿ ಆ ತೊಲೆಯ ಕಿರ್ ಎಂಬ ಸದ್ದು ಕಿವಿಗೆ ಬರುತ್ತದೆ, ಒಳಗೆ ಹೋಗುತ್ತಾಳೆ.