ಹಾಕಿ, ತೆಗೆದು, ಮತ್ತೆ ಹಾಕಿದ ಟಿಕ್

ದೆವ್ವ, ಗಾಳಿ, ಸೋಕು ಎಂದು ಯಾರಾದರೂ ಮಾತು ತೆಗೆದರೆ ಎದ್ದು ಒಳಗೆ ಹೋಗಿಬಿಡುವವರ ಪೈಕಿ ನಾನು. ಉಬ್ರಾಣಿಯ ನಮ್ಮ ಚಿಕ್ಕಮ್ಮ ಇಂಥ ಕಥೆಗಳಲ್ಲಿ ಎತ್ತಿದ ಕೈ. ಅವರು ಹೇಳುವಾಗಲೆಲ್ಲ "ಆಮೇಲೆ ಆ ದೆವ್ವಕ್ಕೆ ಕಾಫಿ ಕೊಟ್ರಾ ಚಿಕ್ಕಮ್ಮ?" ಎಂದು ಕೇಳಿ ಬೈಸಿಕೊಂಡಿದ್ದೇನೆ. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ಇನ್ನೊಬ್ಬರು ಬರೆದಿದ್ದರೆ ನಾನೂ ನಗುತ್ತಿದ್ದೆ. ಇದು ನಡೆದದ್ದು ಕತ್ತಲಲ್ಲೂ ಅಲ್ಲ, ಸ್ಮಶಾನದಲ್ಲೂ ಅಲ್ಲ. ನ್ಯಾಮತಿಯ ನಮ್ಮ ಮನೆಯಲ್ಲಿ, ಹಾಡಹಗಲೇ, ಅತ್ತೆ ಒಳಗೆ ಒಗ್ಗರಣೆ ಹಾಕುತ್ತಿದ್ದಾಗ.

ಮೊದಲು ನನ್ನ ಕೆಲಸದ ಬಗ್ಗೆ ಹೇಳಬೇಕು. ಮಿಕ್ಸಿ, ಗ್ರೈಂಡರ್ ಮಾರುವ ಒಂದು ವೆಬ್‌ಸೈಟ್ ಸರಿಯಾಗಿ ನಡೆಯುತ್ತಿದೆಯೇ ಎಂದು ನಾನು ಮನೆಯಲ್ಲೇ ಕೂತು ಪರೀಕ್ಷಿಸುತ್ತೇನೆ. ಕೈಯಿಂದಲ್ಲ. ನಾನು ಬರೆದಿಟ್ಟ ಸ್ಕ್ರಿಪ್ಟ್, ಅಂದರೆ ಯಂತ್ರ ಏನೇನು ಮಾಡಬೇಕೆಂಬ ಪಟ್ಟಿ, ದಿನಾ ಬೆಳಿಗ್ಗೆ ತಾನಾಗಿ ಓಡುತ್ತದೆ. ಅದು ಓಡುವುದು ನನ್ನ ಲ್ಯಾಪ್‌ಟಾಪ್‌ನಲ್ಲೂ ಅಲ್ಲ, ಕ್ಲೌಡ್‌ನಲ್ಲಿ, ಅಂದರೆ ಎಲ್ಲೋ ದೂರದಲ್ಲಿರುವ ಬಾಡಿಗೆ ಕಂಪ್ಯೂಟರಿನಲ್ಲಿ. ಅಲ್ಲಿ ಒಂದು ಹೊಸ ಬ್ರೌಸರ್ ತೆರೆದುಕೊಳ್ಳುತ್ತದೆ, ಇಲ್ಲದ ಹೆಂಗಸೊಬ್ಬಳು ಎಂದೂ ಬಾರದ ಮಿಕ್ಸಿಯೊಂದನ್ನು ಆರಿಸುತ್ತಾಳೆ, ವಿಳಾಸ ತುಂಬುತ್ತಾಳೆ, 'ಷರತ್ತುಗಳಿಗೆ ಒಪ್ಪಿದ್ದೇನೆ' ಎಂಬಲ್ಲಿ ಟಿಕ್ ಹಾಕಿ ಆರ್ಡರ್ ಮಾಡುತ್ತಾಳೆ. ಮುಗಿದ ಕೂಡಲೇ ಆ ಬ್ರೌಸರ್ ಅಳಿಸಿಹೋಗುತ್ತದೆ. ನಿನ್ನೆ ಯಾರು ಏನು ಮಾಡಿದರೆಂಬ ನೆನಪು ಅದಕ್ಕೆ ಇರುವುದೇ ಇಲ್ಲ. ನಡೆದದ್ದರ ವಿಡಿಯೋ ಮಾತ್ರ ಸ್ವಲ್ಪ ದಿನ ಉಳಿಯುತ್ತದೆ. ಎಲ್ಲ ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು.

ನಮ್ಮ ಮನೆಯವರದು ಬಸ್ ಸ್ಟ್ಯಾಂಡ್ ಹತ್ತಿರ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ಸಂಜೆ ಬೇಗ ಬಂದ ದಿನ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಏನೂ ಗೊತ್ತಿಲ್ಲದ ಗಿರಾಕಿ ಥರ ಒತ್ತಿ ನೋಡ್ರಿ" ಎನ್ನುತ್ತಿದ್ದೆ. ಅವರು ಬಾಗಿಲಿಗೆ ಚಿಲಕ ಹಾಕಿದರೂ ಒಮ್ಮೆ ತೆಗೆದು ಮತ್ತೆ ಹಾಕುವ ಮನುಷ್ಯ. ಗ್ಯಾಸ್ ಆಫ್ ಮಾಡುವುದೂ ಹಾಗೆಯೇ, ಅಂಗಡಿಯ ಶಟರ್ ಬೀಗವೂ ಹಾಗೆಯೇ. ವೆಬ್‌ಸೈಟಿನ ಟಿಕ್ಕನ್ನೂ ಬಿಡಲಿಲ್ಲ. ಹಾಕುವುದು, ತೆಗೆಯುವುದು, ಏನೋ ಯೋಚನೆ ಮಾಡುವವರ ಹಾಗೆ ಸ್ವಲ್ಪ ಸುಮ್ಮನಿರುವುದು, ಮತ್ತೆ ಹಾಕುವುದು.

"ಅದೇನು ಚಿಲಕ ಏನ್ರೀ?" ಎಂದು ನಾನು ರೇಗುತ್ತಿದ್ದೆ.

"ಒಂದ್ಸಲ ತೆಗೆದು ಹಾಕಿದ್ರೆ ಸರಿಯಾಗಿ ಕೂತೈತೋ ಇಲ್ವೋ ಗೊತ್ತಾಗ್ತೈತೆ ಕಣೇ" ಎನ್ನುತ್ತಿದ್ದರು.

ಆ ವರ್ಷ ಬೇಸಿಗೆಯಲ್ಲಿ ಬಿಳಿಚೋಡಿನ ಯಾರದೋ ಗೃಹಪ್ರವೇಶಕ್ಕೆ ಫ್ಲೆಕ್ಸ್ ಕಟ್ಟಿ ಬರುತ್ತೇನೆಂದು ಬೈಕಿನಲ್ಲಿ ಹೋದರು. ಫ್ಲೆಕ್ಸ್ ಕಟ್ಟಿದ್ದಾರೆ, ಅಲ್ಲೇ ಊಟವನ್ನೂ ಮಾಡಿದ್ದಾರೆ. ಬೈಕು ಜಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ಬೀಗ ಹಾಕಿಕೊಂಡು ನಿಂತಿತ್ತು. ಅವರು ಸಿಗಲಿಲ್ಲ. ಜಗಳ ಇರಲಿಲ್ಲ, ಕಾಯಿಲೆ ಇರಲಿಲ್ಲ. ಪೊಲೀಸರಿಗೆ ಹೇಳಿದೆವು, ಪೇಪರಿಗೆ ಫೋಟೋ ಕೊಟ್ಟೆವು, ಹೊನ್ನಾಳಿಯ ಹೊಳೆಯ ದಂಡೆಯಲ್ಲೂ ಹುಡುಕಿಸಿದೆವು. ಮಳೆಗಾಲ ಬಂತು, ಹೋಯಿತು. ಹಬ್ಬಗಳೆಲ್ಲ ಮುಗಿದವು. ನಾನು ಅಳುವುದನ್ನೂ ನಿಲ್ಲಿಸಿದೆ, ಯಾಕೆಂದರೆ ಯಾವುದಕ್ಕೆ ಅಳುವುದೆಂದೇ ತಿಳಿಯುತ್ತಿರಲಿಲ್ಲ.

ಬಂದುಹೋಗುವ ನೆಂಟರ ಕಣ್ಣೆಲ್ಲ ನನ್ನ ಹಣೆಯ ಕುಂಕುಮದ ಮೇಲೆ. ಒಂದು ದಿನ ಚಿಕ್ಕಮ್ಮ ಬಾಯಿಬಿಟ್ಟೇ ಅಂದರು, "ಎಷ್ಟು ದಿನ ಅಂತ ಕಾಯ್ತೀರಿ? ಮಾಡೋ ಕಾರ್ಯ ಮಾಡಿ ಮುಗಿಸಿಬಿಡ್ರಿ. ಹೋದ ಜೀವಕ್ಕಾದ್ರೂ ನೆಮ್ಮದಿ ಸಿಗಲಿ."

ಅತ್ತೆ ಮೊರದಲ್ಲಿದ್ದ ಅಕ್ಕಿಯನ್ನು ಕೆಳಗಿಟ್ಟು, "ನನ್ನ ಮಗ ಹೋಗ್ಯಾನೆ ಅಂತ ನಿಮಗ್ಯಾರು ಹೇಳಿದ್ರು? ನನ್ನ ಸೊಸೆ ಕುಂಕುಮದ ಸುದ್ದಿಗೆ ಬರಬ್ಯಾಡ್ರಿ" ಎಂದರು. ಚಿಕ್ಕಮ್ಮ ಕಾಫಿಯನ್ನೂ ಕುಡಿಯದೆ ಹೊರಟುಹೋದರು.

ಅದಾದ ಕೆಲವೇ ದಿನಕ್ಕೆ, ಬೆಳಿಗ್ಗೆ, ನನ್ನ ಪರೀಕ್ಷೆಗೆ ಕೆಂಪು ಬಿತ್ತು. ಕೊನೆಯ ಪುಟದಲ್ಲಿ ಹೆಚ್ಚು ಹೊತ್ತು ಹಿಡಿಯಿತು ಎಂಬ ಸಾಮಾನ್ಯ ದೂರು. ವಿಡಿಯೋ ತೆರೆದೆ. ಮಿಕ್ಸಿ ಬಂತು, ವಿಳಾಸ ಬಂತು, ಟಿಕ್ ಬಿತ್ತು. ಬಿದ್ದ ಟಿಕ್ ಹೋಯಿತು. ಪರದೆ ಸುಮ್ಮನೆ ನಿಂತಿತು. ಮತ್ತೆ ಟಿಕ್ ಬಿತ್ತು.

ಸ್ಕ್ರಿಪ್ಟ್ ತೆಗೆದು ನೋಡಿದೆ. ಟಿಕ್ ಹಾಕು ಎಂದು ಒಂದೇ ಸಲ ಇತ್ತು. ಯಂತ್ರ ತಾನು ಮಾಡಿದ್ದನ್ನೆಲ್ಲ ಗುರುತು ಹಾಕಿಕೊಳ್ಳುವ ಲಾಗಿನಲ್ಲೂ ಒಂದೇ ಸಲ. ಕಂಪನಿಯ ಹಿರಿಯ ಸಹೋದ್ಯೋಗಿಗೆ ಫೋನ್ ಮಾಡಿದೆ. "ಪುಟ ಪೂರ್ತಿ ಲೋಡ್ ಆಗೋ ಮುಂಚೆ ಒತ್ತಿದ್ರೆ ಹೀಗಾಗುತ್ತೆ ಮೇಡಂ, ಇನ್ನೊಂದ್ಸಲ ಓಡಿಸಿ" ಎಂದರು. ಸರಿಯಾದ ಮಾತೇ. ಟಿಕ್ ತಾನಾಗಿ ಹೋಗುವುದನ್ನು ನಾನೂ ನೋಡಿದ್ದೇನೆ, ಹೊಸಬರಿಗೆ ಇದೇ ಉತ್ತರ ಕೊಟ್ಟಿದ್ದೇನೆ. ಆದರೆ ಹೋದ ಟಿಕ್ಕನ್ನು ಮತ್ತೆ ಹಾಕಿದ್ದು ಯಾರು? ನಡುವಿನ ಆ ಸುಮ್ಮನಿರುವಿಕೆ ಎಲ್ಲಿಂದ ಬಂತು? ಎಷ್ಟೋ ಸಂಜೆ ಅವರ ಪಕ್ಕ ಕೂತು ಬೇಗ ಒತ್ತಿ ಎಂದು ಗೊಣಗಿದವಳು ನಾನು. ಆ ಹೊತ್ತಿನ ಉದ್ದ ನನಗೆ ಚೆನ್ನಾಗಿ ಗೊತ್ತು.

ತೋರಿಸಬಾರದಿತ್ತೇನೋ, ಆದರೆ ತಡೆಯಲಾಗಲಿಲ್ಲ. ಅತ್ತೆಯನ್ನು ಕೂಗಿ ಕರೆದು, ಏನೂ ಹೇಳದೆ ವಿಡಿಯೋ ಹಾಕಿದೆ. ಅವರು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನೋಡಿದರು. ಟಿಕ್ ಹೋಗಿ ಬಂದಾಗ ಅವರ ಮುಖ ಅರಳಿತು. ತಿಂಗಳುಗಟ್ಟಲೆ ನಾನು ಆ ಮುಖದಲ್ಲಿ ನಗು ಕಂಡಿರಲಿಲ್ಲ.

"ಅಯ್ಯೋ, ನಮ್ಮ ಹುಡುಗ ಹಿಂಗೇ ಅಲ್ವೇನವ್ವ ಮಾಡೋದು! ಎಲ್ಲಿಂದ ಒತ್ತಾಕೆ ಹತ್ತಿದ್ದಾನೆ? ಯಾವ ಊರಿಂದ?"

"ಊರಿಂದ ಅಲ್ಲ ಅತ್ತೆ. ಇದು ಮಷೀನು. ಇದರೊಳಗೆ ಹೊರಗಿನೋರು ಯಾರೂ ಬರಾಕೆ ಆಗಲ್ಲ."

"ಯಾರೂ?"

"ಯಾರೂ ಇಲ್ಲ."

ಅವರು ಪರದೆಯನ್ನೇ ನೋಡುತ್ತಾ ನಿಂತರು. ನಗು ಮೆಲ್ಲಗೆ ಇಳಿದುಹೋಯಿತು. "ಜೀವ ಇದ್ದೋರು ಇದರೊಳಗೆ ಬರಾಕೆ ಆಗಲ್ಲ ಅಂತೀಯಾ?" ಎಂದು ಕೇಳಿದರು.

ನಾನು ಲ್ಯಾಪ್‌ಟಾಪ್ ಮುಚ್ಚಿದೆ.

"ಹಂಗಾದ್ರೆ ಅವನಲ್ಲ ಬಿಡು" ಎಂದರು. "ನಾನು ಹೆತ್ತೋಳು, ನಾನು ಹೇಳ್ತೀನಿ, ಅವನಲ್ಲ. ನೀನೂ ಹೇಳವ್ವ, ಅವನಲ್ಲ ಅಂತ."

"ಅವರಲ್ಲ ಅತ್ತೆ" ಎಂದೆ. ಅವರು ಒಳಗೆ ಹೋಗಿ ಕುಂಕುಮದ ಬಟ್ಟಲು ತಂದು, ಬೆಳಿಗ್ಗೆ ಇಟ್ಟಿದ್ದರ ಮೇಲೆಯೇ ನನ್ನ ಹಣೆಗೆ ಇನ್ನೊಮ್ಮೆ ಒತ್ತಿದರು. ಒಲೆಯ ಮೇಲಿನ ಸಾರು ಸೀದುಹೋಗಿತ್ತು.

ಆ ವಿಡಿಯೋ ಈಗ ಇಲ್ಲ. ಅವಧಿ ಮುಗಿದು ಅಳಿಸಿಹೋಯಿತು. ಇಳಿಸಿ ಇಟ್ಟುಕೊಳ್ಳಬಹುದಿತ್ತು, ಒಂದು ಗುಂಡಿ ಒತ್ತಿದರೆ ಸಾಕಿತ್ತು. ಕೊನೆಯ ದಿನದವರೆಗೂ ತೆರೆದು ನೋಡಿ ನೋಡಿ ಮುಚ್ಚಿದೆ, ಇಳಿಸಲಿಲ್ಲ. ಇಟ್ಟುಕೊಂಡರೆ ಅದು ಅವರೇ ಎಂದು ಒಪ್ಪಿದ ಹಾಗೆ. ಅವರೇ ಎಂದು ಒಪ್ಪಿದರೆ ಅವರು ಇಲ್ಲವೆಂದು ಒಪ್ಪಿದ ಹಾಗೆ. ಅಳಿಸಿಹೋದ ದಿನ ಮಾತ್ರ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಮನಸಾರೆ ಅತ್ತುಬಿಟ್ಟೆ.

ಕೆಲವು ವರ್ಷಗಳಾದವು. ಯಂತ್ರದ ಎಡವಟ್ಟೋ, ನನ್ನ ಕಣ್ಣಿನ ಆಸೆಯೋ, ಬೇರೇನೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಚಿಕ್ಕಮ್ಮನ ಕಥೆಗಳಿಗೆ ಈಗ ನಾನು ನಗುವುದಿಲ್ಲ, ನಂಬುವುದೂ ಇಲ್ಲ. ಈಗ ಹಸಿರು ಬಿದ್ದರೂ ವಿಡಿಯೋ ತೆರೆದು ನೋಡುತ್ತೇನೆ. ಟಿಕ್ ಒಂದೇ ಸಲ ಬೀಳುತ್ತದೆ, ಮುಂದಿನ ಪುಟ ಬಂದುಬಿಡುತ್ತದೆ. ಅತ್ತೆ ಬಾಗಿಲ ಹತ್ತಿರ ಬಂದು, "ಎಲ್ಲಾ ಸರಿ ಐತೇನವ್ವಾ?" ಎಂದು ಕೇಳುತ್ತಾರೆ. "ಸರಿ ಐತೆ ಅತ್ತೆ" ಎನ್ನುತ್ತೇನೆ. ಅವರು ಒಂದು ಉಸಿರು ಬಿಟ್ಟು ಒಳಗೆ ಹೋಗುತ್ತಾರೆ. ಮಾರನೆಯ ಬೆಳಿಗ್ಗೆ ಮತ್ತೆ ಹೊಸ ವಿಡಿಯೋ ತೆರೆಯುವಾಗ, ಇವತ್ತಾದರೂ ಬನ್ನಿ ಎಂದು ಬೇಡಿಕೊಳ್ಳಬೇಕೋ, ದಮ್ಮಯ್ಯ ಇಲ್ಲಿಗೆ ಮಾತ್ರ ಬರಬೇಡಿ ಎಂದು ಬೇಡಿಕೊಳ್ಳಬೇಕೋ, ನನಗೆ ತಿಳಿಯುವುದಿಲ್ಲ.