ಶಾಸಕರ ಟಿಕೆಟ್ಟೂ ನಮ್ಮ ಮನೆಯ ಪ್ಲೈವುಡ್ಡೂ

ಕತಾರಿನ ದೋಹಾದ ಮದೀನತ್ ಖಲೀಫಾ ಬಡಾವಣೆಯಲ್ಲಿ ಒಂದೇ ವಿಲ್ಲಾಕ್ಕೆ ನಡುನಡುವೆ ಗೋಡೆ ಎಬ್ಬಿಸಿ ನಾಲ್ಕು ಸಂಸಾರಗಳಿಗೆ ಬಾಡಿಗೆಗೆ ಕೊಡುತ್ತಿದ್ದ ಕಾಲ ಅದು. ನಮ್ಮ ಪಾಲಿಗೂ ಪಕ್ಕದ ಸುಂದರ ಅಂಕಲ್ ಪಾಲಿಗೂ ನಡುವೆ ಒಂದು ಬಾಗಿಲಿತ್ತು. ಅದಕ್ಕೆ ಚಿಲಕ ಇರಲಿಲ್ಲ, ಬೇಕೆಂದು ಯಾರಿಗೂ ಅನಿಸಿರಲಿಲ್ಲ. ಅಮ್ಮ ಕ್ಲಿನಿಕ್ಕಿನಲ್ಲಿ ನರ್ಸ್, ಮನೆಗೆ ಬರುವಾಗ ಸಂಜೆ ಐದು. ಹಾಗಾಗಿ ಶಾಲೆಯ ಬಸ್ಸು ಇಳಿದ ಮೇಲೆ ನಾನು ಹೋಗುತ್ತಿದ್ದುದು ಸುಂದರ ಅಂಕಲ್ ಹೆಂಡತಿ ಪುಷ್ಪ ಆಂಟಿಯ ಅಡುಗೆಮನೆಗೆ. ಬಾಗಿಲು ದೂಡಿದರೆ ಸಾಕು, ಕುಚ್ಚಲಕ್ಕಿ ಅನ್ನದ ಹಬೆ, ಬಂಗುಡೆ ಸಾರಿನ ಹುಳಿ ವಾಸನೆ. ಬಿಸಿಲು ಇಳಿದ ಮೇಲೆ ಅವರ ಮಗಳು ನವ್ಯಳೂ ನಾನೂ ಅಂಗಳದ ಇಂಟರ್‌ಲಾಕ್ ಕಲ್ಲಿನ ಮೇಲೆ ಕುಂಟಾಬಿಲ್ಲೆ ಆಡುತ್ತಿದ್ದೆವು. ಅವಳು ಗೆರೆ ತುಳಿದು ತುಳಿದಿಲ್ಲ ಎನ್ನುವವಳು, ನಾನು ಅದಕ್ಕೆ ಅಳುವವಳು.

ನನಗೆ ಹತ್ತು ವರ್ಷ ಆಗಿದ್ದಾಗ, ಎರಡು ಸಾವಿರದ ಎಂಟರಲ್ಲಿ, ಊರಲ್ಲಿ ವಿಧಾನಸಭೆ ಚುನಾವಣೆ ಬಂತು. ಎರಡೂ ಮನೆಯವರು ಕರಾವಳಿಯ ಒಂದೇ ಕ್ಷೇತ್ರದವರು. ಅಲ್ಲಿನ ಶಾಸಕರು ಮೂರು ಸಲ ಗೆದ್ದು, ಇನ್ನು ಸಾಯುವವರೆಗೂ ಟಿಕೆಟ್ ತನ್ನದೇ ಎಂದುಕೊಂಡಿದ್ದ ಮನುಷ್ಯ. ಅವರದೇ ಪಕ್ಷದ ಒಬ್ಬ ಯುವ ಮುಖಂಡ ಈ ಸಲ ಟಿಕೆಟ್ ತನಗೇ ಬೇಕೆಂದು ಎದ್ದು ನಿಂತ.

ಅಪ್ಪ ಶಾಸಕರ ಕಡೆ. ಕಾರಣ ಕೇಳಿದರೆ ನಗು ಬರುತ್ತದೆ. ಹಿಂದಿನ ವರ್ಷ ಶಾಸಕರು ದೋಹಾಕ್ಕೆ ಬಂದಾಗ ವೆಸ್ಟ್ ಬೇಯ ಹೋಟೆಲಿನಲ್ಲಿ ಸನ್ಮಾನ ನಡೆದಿತ್ತು. ಶಾಲು, ಪೇಟ, ಹಣ್ಣಿನ ತಟ್ಟೆ ಎಲ್ಲ ಆದ ಮೇಲೆ ಅವರು ಅಪ್ಪನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡಿದ್ದರು. ಅದರಲ್ಲಿ ಶಾಸಕರು ಕ್ಯಾಮರಾ ನೋಡುತ್ತಿದ್ದಾರೆ, ಅಪ್ಪ ಶಾಸಕರನ್ನು ನೋಡುತ್ತಿದ್ದಾರೆ. ಸುಂದರ ಅಂಕಲ್ ಯುವ ಮುಖಂಡನ ಕಡೆ, ಯಾಕೆಂದರೆ ಅವನು ಅವರ ಕಾಲೇಜಿನವನು. ಇಬ್ಬರಿಗೂ ಓಟಿರಲಿಲ್ಲ. ಹೊರದೇಶದಲ್ಲಿ ಇರುವವರ ಹೆಸರು ಆಗ ಮತದಾರರ ಪಟ್ಟಿಯಲ್ಲೇ ಇರುವಂತಿರಲಿಲ್ಲ.

ಒಂದು ಶುಕ್ರವಾರ ಅಪ್ಪನ ಗುಂಪಿನವರು ನಮ್ಮ ಮನೆಯ ಏಸಿ ಕೆಳಗೆ ಕೂತು, ಕತಾರಿನಲ್ಲಿರುವ ಕ್ಷೇತ್ರದವರೆಲ್ಲ ಶಾಸಕರ ಬೆನ್ನಿಗಿದ್ದಾರೆ ಎಂದು ಹೇಳಿಕೆ ಬರೆದು ಊರಿನ ಪತ್ರಿಕೆಗೆ ಕಳಿಸಿದರು. ಕೆಳಗಿನ ಹೆಸರುಗಳಲ್ಲಿ ಸುಂದರ ಅಂಕಲ್ ಹೆಸರನ್ನೂ ಅಪ್ಪನೇ ಸೇರಿಸಿದರು, ಅವರನ್ನು ಒಂದು ಮಾತು ಕೇಳದೆ. ಪತ್ರಿಕೆಯಲ್ಲಿ ಬಂದ ದಿನ ಅಂಕಲ್ ಬಾಗಿಲು ದೂಡಿಕೊಂಡು ಬಂದರು.

"ಜಯಣ್ಣ, ನನ್ನ ಹೆಸರು ಹಾಕ್ಲಿಕ್ಕೆ ನಿಮಗೆ ಯಾರು ಹೇಳಿದ್ದು?"

"ಎಂತ ಮಾರಾಯ, ಒಂದೇ ಮನೆಯವರಲ್ವಾ ಅಂತ ಹಾಕಿದೆ."

"ಒಂದೇ ಮನೆಯಾ? ಖಲಾಸ್! ಇವತ್ತಿಗೆ ಮುಗೀತು ಅದು."

"ಮುಗೀಲಿ. ಆ ಪೋಕ್ರಿಯನ್ನೇ ಕಟ್ಟಿಕೊಂಡು ಸಾಯಿ."

ಮರುದಿನ ಅಂಕಲ್ ತಾವು ಕೆಲಸ ಮಾಡುತ್ತಿದ್ದ ಕಟ್ಟಡದ ಸೈಟಿನಿಂದ ಪ್ಲೈವುಡ್ ತಂದು ಬಾಗಿಲಿಗೆ ಮೊಳೆ ಹೊಡೆದರು. ಸೋಲಬಾರದೆಂದು ಅಪ್ಪ ಈ ಕಡೆಯಿಂದ ಕಪಾಟು ತಳ್ಳಿ ಒತ್ತಿಟ್ಟರು. ಇಬ್ಬರು ಮೀಸೆ ಹೊತ್ತ ಗಂಡಸರು!

"ಮಗು ದಿನಾ ಒಬ್ಬಳೇ ಇರ್ಬೇಕು, ಗೊತ್ತುಂಟಾ ನಿಮಗೆ?" ಎಂದು ಅಮ್ಮ ಕೇಳಿದಳು.

"ಟಿಕೆಟ್ ಅನೌನ್ಸ್ ಆಗುವವರೆಗೆ ಅಷ್ಟೆ," ಎಂದ ಅಪ್ಪ ನನ್ನ ಕಡೆ ತಿರುಗಿ, "ಅವರ ಮನೆಯ ಒಂದು ತುತ್ತೂ ಮುಟ್ಟಬಾರದು" ಎಂದರು. ನನ್ನ ಕೊರಳಿಗೆ ಬೀಗದ ಕೈ ಬಂತು. ಫ್ರಿಜ್ಜಿನ ತಣ್ಣಗಿನ ಮೊಸರನ್ನ ತಿನ್ನುತ್ತಾ, ಕಪಾಟಿನ ಆಚೆ ಪುಷ್ಪ ಆಂಟಿ ನವ್ಯಳನ್ನು ಊಟಕ್ಕೆ ಕರೆಯುವುದನ್ನು ಕೇಳುತ್ತಿದ್ದೆ. ತುಂಬಾ ಹೆದರಿಕೆಯಾಗುತ್ತಿತ್ತು. ಆದರೆ ಅಪ್ಪ ಏನೋ ಯುದ್ಧ ಮಾಡುತ್ತಿದ್ದಾರೆ, ಅದರಲ್ಲಿ ನಾನೂ ಇದ್ದೇನೆ ಎಂಬ ಜಂಬವೂ ಇತ್ತು.

ಒಂದು ಮಧ್ಯಾಹ್ನ ಪುಷ್ಪ ಆಂಟಿ ಹೊರಗಿನ ಗೇಟು ಸುತ್ತಿ ನಮ್ಮ ಮುಂಬಾಗಿಲಿಗೆ ಬಂದರು. ಕೈಯಲ್ಲಿ ಮುಚ್ಚಿದ ತಟ್ಟೆ. ಬಿಸಿಲಿಗೆ ಮುಖ ಕೆಂಪಾಗಿತ್ತು.

"ಬಿಸಿ ಉಂಟು, ತಿನ್ನು ಮಗಾ. ನಾನು ಯಾರಿಗೂ ಹೇಳುದಿಲ್ಲ."

"ಬೇಡ. ನೀವು ನಮ್ಮ ಪಾರ್ಟಿ ಅಲ್ಲ," ಎಂದು ನಾನು ತಟ್ಟೆಯನ್ನು ಕೈಯಿಂದ ದೂಡಿದೆ.

ಸಾರು ಅವರ ನೈಟಿಯ ಮೇಲೆಲ್ಲ ಚೆಲ್ಲಿತು. "ಪಾರ್ಟಿಯಾ?" ಎಂದರು, ಅಷ್ಟೆ. ಹೊಸ್ತಿಲ ಮೇಲೆ ಬಿದ್ದ ಮೀನನ್ನು ಕೈಯಲ್ಲೇ ಎತ್ತಿಕೊಂಡು, ಸೆರಗಿಲ್ಲದ್ದಕ್ಕೆ ತೋಳಿನಿಂದ ಮುಖ ಒರೆಸಿಕೊಂಡು ಹೋದರು. ಸಂಜೆ ನಾನದನ್ನು ಅಪ್ಪನಿಗೆ ಹೇಳಿದೆ. ಅಪ್ಪ ಬೆನ್ನು ತಟ್ಟಿ "ನನ್ನ ಮಗಳು!" ಎಂದರು. ಅಮ್ಮ ಬಕೆಟ್ಟು ತಂದು ಹೊಸ್ತಿಲ ಮೇಲೆ ಒಣಗಿದ್ದ ಸಾರನ್ನು ತಿಕ್ಕಿ ತೊಳೆದಳು.

ಕೊನೆಗೆ ಟಿಕೆಟ್ ಶಾಸಕರಿಗೇ ಸಿಕ್ಕಿತು. ಟಿವಿಯಲ್ಲಿ ಅವರು ಯುವ ಮುಖಂಡನನ್ನು ತಬ್ಬಿಕೊಂಡು ಅವನ ಬಾಯಿಗೆ ಲಾಡು ತುರುಕುತ್ತಿದ್ದರು. ಅವನು ಲಾಡು ಜಗಿಯುತ್ತಲೇ, ಅಣ್ಣನೇ ನಮ್ಮ ನಾಯಕ ಎಂದ. ಅವನಿಗೆ ಯಾವುದೋ ನಿಗಮದ ಅಧ್ಯಕ್ಷಗಿರಿ ಕೊಡುತ್ತಾರಂತೆ. ಗೆದ್ದೆವೆಂದು ಚಪ್ಪಾಳೆ ಹೊಡೆಯಲು ಎತ್ತಿದ ಕೈಯನ್ನು ಅಪ್ಪ ಸುಮ್ಮನೆ ತೊಡೆಯ ಮೇಲಿಟ್ಟುಕೊಂಡರು. ಆಚೆ ಮನೆಯಲ್ಲೂ ಅದೇ ಚಾನೆಲ್ಲು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ಬಂದ್ ಆಯಿತು.

"ಇನ್ನಾದ್ರೂ ಆ ಕಪಾಟು ಸರಿಸ್ತೀರಾ?" ಎಂದಳು ಅಮ್ಮ.

"ಅವನೇ ಮೊದಲು ಬರಲಿ."

ಅವನು ಬರಲಿಲ್ಲ. ಬೇಸಿಗೆ ರಜೆಯಲ್ಲಿ ಸುಂದರ ಅಂಕಲ್ ಸಂಸಾರ ದೋಹಾ ಅಲ್ ಜದೀದಾ ಎಂಬ ಇನ್ನೊಂದು ಬಡಾವಣೆಯ ಫ್ಲ್ಯಾಟಿಗೆ ಹೋಯಿತು. ಶಾಲೆ ತೆರೆದಾಗ ನವ್ಯಳ ಬಸ್ಸೂ ಬೇರೆ. ಶಾಸಕರು ಗೆದ್ದು ಮತ್ತೊಂದು ಸನ್ಮಾನಕ್ಕೆ ದೋಹಾಕ್ಕೆ ಬಂದಾಗ ಅಪ್ಪ ಶಾಲು ಹಿಡಿದು ಮುಂದೆಯೇ ನಿಂತಿದ್ದರು. "ನಿಮ್ಮದು ಯಾವ ಊರಾಯ್ತು?" ಎಂದು ಕೇಳಿದರಂತೆ ಮಹಾಶಯರು. ನಾನು ಕಾಲೇಜಿಗೆ ಬರುವವರೆಗೂ ಮಧ್ಯಾಹ್ನಗಳನ್ನು ಬೀಗದ ಕೈಯೊಡನೆ ಒಬ್ಬಳೇ ಕಳೆದೆ.

ಕಳೆದ ವರ್ಷ ಮಂಗಳೂರಿನ ಒಂದು ಮದುವೆಯಲ್ಲಿ ಪುಷ್ಪ ಆಂಟಿ ಎದುರಾದರು. ಕೂದಲು ಪೂರ್ತಿ ಬೆಳ್ಳಗಾಗಿದೆ. ಕ್ಷಮೆ ಕೇಳಬೇಕೆಂದು ನಾನು ಬಾಯಿ ತೆರೆಯುವ ಮೊದಲೇ, ಮದುವೆಗೆ ಬಂದ ಯಾರನ್ನಾದರೂ ಕೇಳುವ ಹಾಗೆ, "ಊಟ ಆಯ್ತಾ?" ಎಂದರು. ಹಸಿವಾಗಿತ್ತು. ಆಯ್ತು ಎಂದೆ. ಹಿಂದಿನ ಪುಷ್ಪ ಆಂಟಿಯಾಗಿದ್ದರೆ ಆ ಸುಳ್ಳನ್ನು ಮುಖ ನೋಡಿಯೇ ಹಿಡಿದು, ರಟ್ಟೆ ಹಿಡಿದು ಎಲೆಯ ಮುಂದೆ ಕೂರಿಸುತ್ತಿದ್ದರು. ಇವರು "ಒಳ್ಳೇದಾಯ್ತು" ಎಂದು ನಕ್ಕು ಮುಂದೆ ಹೋದರು.